ಹುರಿ ಸರಳು: ಚೌಕ ಕಬ್ಬಿಣವನ್ನು ಕೈಯಿಂದ ತಿರುಚುವ ಬಗೆ

ಹೋದ ಚಳಿಗಾಲದಲ್ಲಿ ಒಬ್ಬ ಅಜ್ಜಿ ನಮ್ಮ ಅಂಗಡಿಗೆ ಬಂದರು. ಬಾಗಲಕೋಟೆ ನವನಗರದಲ್ಲಿ ನನ್ನದು ಗ್ರಿಲ್, ಗೇಟ್ ಮಾಡುವ ಚಿಕ್ಕ ವೆಲ್ಡಿಂಗ್ ಅಂಗಡಿ. ಜೊತೆಗಿದ್ದ ಮೊಮ್ಮಗನ ಕೈಯಲ್ಲಿ ಹಳೇ ಸೀರೆಯ ತುಂಡು ಸುತ್ತಿದ ನಾಲ್ಕು ಅಡಿ ಉದ್ದದ ಏನೋ ಒಂದು ಇತ್ತು. ಬಿಚ್ಚಿ ನೋಡಿದರೆ ಕಿಟಕಿಯ ಸರಳು. ಎರಡೂ ತುದಿ ಚೌಕ, ನಡುವೆ ಎರಡು ಅಡಿ ಹಗ್ಗದ ಹಾಗೆ ಹುರಿ.

"ಹಳೇ ಊರಾಗಿನ ನಮ್ಮ ಮನಿ ಕಿಡಕಿದು. ಇಂಥವ ಹತ್ತು ಬೇಕು ನೋಡಪಾ. ಮಾಡಿ ಕೊಡ್ತಿಯಿಲ್ಲೋ?" ಅಂದರು.

"ಮಾಡಿ ಕೊಡ್ತೀನಿ ಯವ್ವಾ" ಅಂದೆ.

ಆಲಮಟ್ಟಿ ಹಿನ್ನೀರು ಬಂದಾಗ ಘಟಪ್ರಭೆಯ ದಡದ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವು. ಜನ ಮನೆ ಬಿಚ್ಚಿ ಬಾಗಿಲು, ಕಂಬ, ತೊಲೆ, ಕಿಟಕಿ ಅಂತ ಸಿಕ್ಕಷ್ಟು ಕಟ್ಟಿಕೊಂಡು ನವನಗರಕ್ಕೆ ಬಂದರು. ಈ ಅಜ್ಜಿಯ ಪಾಲಿಗೆ ಉಳಿದದ್ದು ಈ ಒಂದು ಸರಳು. ಪೇಟೆಯಲ್ಲಿ ಮಷೀನಿನಲ್ಲಿ ತಿರುಚಿದ ರೆಡಿ ಸರಳು ಸಿಗುತ್ತದೆ. ಅದು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಹುರಿ. ತುದಿಯಲ್ಲಿ ಚೌಕ ಉಳಿಯುವುದಿಲ್ಲ, ಚೌಕಟ್ಟಿನ ಪಟ್ಟಿಯ ಮೇಲೆ ಕೂರಿಸಿದರೆ ಒಂದು ಮೂಲೆ ಎದ್ದಿರುತ್ತದೆ, ಇನ್ನೊಂದು ಕಡೆ ಸಂದು. ಆ ಸಂದಿನಲ್ಲಿ ವೆಲ್ಡಿಂಗ್ ತುಂಬಿಸಿ ಮುಚ್ಚಬೇಕು. ಹಳೇ ಸರಳಿನ ಅಂದ ಇರುವುದೇ ಹುರಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲಿ. ಅದಕ್ಕೆ ಕೈಯಿಂದಲೇ ತಿರುಚಬೇಕು.

ಆ ಹತ್ತು ಸರಳು ಮಾಡಿದ್ದು ಹೇಗೆ ಅಂತ ಹೇಳುತ್ತೇನೆ. ನಿಮ್ಮ ಹತ್ತಿರ ಒಂದು ಗಟ್ಟಿ ವೈಸ್ (ಮೇಜಿಗೆ ಬಿಗಿದ, ಕಬ್ಬಿಣ ಕಚ್ಚಿ ಹಿಡಿಯುವ ಸಾಧನ) ಇದ್ದರೆ ನೀವೂ ಮಾಡಬಹುದು.

ಯಾವ ಕಬ್ಬಿಣ

ಮೊದಲ ಮಾತು, ಸರಳು ಚೌಕ ಇರಬೇಕು. ಗುಂಡು ಸರಳು ಎಷ್ಟು ತಿರುಚಿದರೂ ಹೊರಗೆ ಏನೂ ಕಾಣುವುದಿಲ್ಲ. ಮೂಲೆ ಇದ್ದರೆ ಮಾತ್ರ ಹುರಿ ಕಾಣುತ್ತದೆ. ಅಂಗಡಿಯಲ್ಲಿ ಎಂಎಸ್ ಸ್ಕ್ವೇರ್ ಬಾರ್ ಅಂತ ಕೇಳಿ. ಎಂಎಸ್ ಅಂದರೆ ಮೈಲ್ಡ್ ಸ್ಟೀಲ್, ಮೆತ್ತನೆ ಉಕ್ಕು. ಕಿಟಕಿಗೆ 10 ಅಥವಾ 12 ಎಂಎಂ ಸಾಕು. ಗೇಟಿಗೆ 12 ಅಥವಾ 16. ಅಜ್ಜಿಯ ಸರಳು ಅರ್ಧ ಇಂಚಿನದು, ಅಂದರೆ 12.7 ಎಂಎಂ. ಈಗ 12 ಸಿಗುತ್ತದೆ. ಅಷ್ಟು ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ತೂಕದ ಲೆಕ್ಕ ಸುಲಭ. ಎಂಎಂ ಅಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.00785ರಿಂದ ಗುಣಿಸಿದರೆ ಒಂದು ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. 12 ಎಂಎಂಗೆ 1.13 ಕಿಲೋ. ಆರು ಮೀಟರಿನ ಒಂದು ಉದ್ದ ಸರಳು ಸುಮಾರು 6.8 ಕಿಲೋ. ತೂಕ ತೀರಾ ಕಡಿಮೆ ಬಂದರೆ ಸರಳಿನ ದಪ್ಪ ಕಡಿಮೆ ಇದೆ ಅಂತ ಅರ್ಥ. ಟೇಪು ನಂಬಬೇಡಿ, ಕ್ಯಾಲಿಪರ್ ಹಾಕಿ ನಾಲ್ಕು ಕಡೆ ನೋಡಿ.

ಕಾಂಕ್ರೀಟಿಗೆ ಹಾಕುವ ಟಿಎಂಟಿ ಸರಳನ್ನು ಇದಕ್ಕೆ ತರಬೇಡಿ. ಅದನ್ನು ಮಾಡುವಾಗಲೇ ನೀರು ಹೊಡೆದು ಹೊರಪದರ ಗಟ್ಟಿ ಮಾಡಿರುತ್ತಾರೆ, ಮೈಮೇಲೆ ಏಣುಗಳೂ ಇರುತ್ತವೆ. ಹಳೇ ಮೇಸ್ತ್ರಿಗಳು ಈಗಲೂ ಸ್ಲಾಬಿನ ಸರಳಿಗೆ ಟಾರ್ ಸ್ಟೀಲ್ ಅನ್ನುತ್ತಾರಲ್ಲ, ಆ ಹೆಸರು ಬಂದಿರುವುದು ನಮ್ಮ ಈ ಕೆಲಸದಿಂದಲೇ. ಟಿಎಂಟಿ ಬರುವ ಮೊದಲು ಕಟ್ಟಡದ ಸರಳನ್ನು ತಣ್ಣಗಿದ್ದಾಗಲೇ ತಿರುಚಿ ಗಟ್ಟಿ ಮಾಡುತ್ತಿದ್ದರು. ತಣ್ಣಗೆ ತಿರುಚಿದ ಉಕ್ಕು ಬಿರುಸಾಗುತ್ತದೆ. ಈ ಒಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಎಚ್ಚರ. ಕೆಲವು ವರ್ಷದ ಹಿಂದೆ ಒಬ್ಬ ವ್ಯಾಪಾರಿ ಕಡಿಮೆ ರೇಟಿಗೆ ಸರಳು ಕೊಟ್ಟ. ಗುಜರಿ ಕಬ್ಬಿಣವನ್ನೇ ಕಾಯಿಸಿ ಮತ್ತೆ ಉರುಳಿಸಿ ಮಾಡಿದ ಮಾಲು. ಒಂದೇ ಸರಳಿನಲ್ಲಿ ಒಂದು ಗೇಣು ಮೆತ್ತಗೆ, ಮುಂದಿನ ಗೇಣು ಬಿರುಸು. ತಿರುಚಿದಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಎರಡು ಸರಳು ನಡುವೆಯೇ ಮುರಿದವು. ಇಪ್ಪತ್ತು ಸರಳಿನ ಗೇಟು ಪೂರ್ತಿ ಮತ್ತೆ ಮಾಡಿದೆ. ಅಂದಿನಿಂದ ಪ್ರತಿ ಸರಳಿನ ಮೇಲೆ ನಾಲ್ಕೈದು ಕಡೆ ಅರ ಎಳೆದು ನೋಡುತ್ತೇನೆ. ಮೆತ್ತನೆ ಕಬ್ಬಿಣಕ್ಕೆ ಅರ ಕಚ್ಚುತ್ತದೆ, ಪುಡಿ ಬೀಳುತ್ತದೆ. ಬಿರುಸು ಇದ್ದ ಕಡೆ ಜಾರುತ್ತದೆ, ಸದ್ದೂ ಬೇರೆ. ಎರಡು ನಿಮಿಷದ ಕೆಲಸ.

ಪಾನಾ, ಪೈಪು, ವೈಸ್

ವೈಸ್ ದೊಡ್ಡದಿರಲಿ, ಮೇಜಿಗೆ ನಾಲ್ಕು ಬೋಲ್ಟಿನಿಂದ ಬಿಗಿದಿರಲಿ, ಮೇಜು ನೆಲಕ್ಕೆ ಊರಿರಲಿ. ನನ್ನದು ಬೆಳಗಾವಿ ಉದ್ಯಮಬಾಗದ ಕಡೆಯಿಂದ ತಂದ ಹಳೇ ವೈಸ್, ಎತ್ತುವುದಕ್ಕೆ ಇಬ್ಬರು ಬೇಕು. ಮೇಜು ಅಲುಗಾಡಿದರೆ ನಿಮ್ಮ ಬಲವೆಲ್ಲ ಮೇಜಿಗೆ ಹೋಗುತ್ತದೆ.

ತಿರುಚುವುದಕ್ಕೆ ಒಂದೇ ಹಿಡಿಯ ಪಾನಾ ಬೇಡ. ಒಂದೇ ಕಡೆಯಿಂದ ಒತ್ತಿದರೆ ಸರಳು ತಿರುಗುವುದರ ಜೊತೆಗೆ ಬಾಗುತ್ತದೆ. ಎರಡು ಕಡೆ ಹಿಡಿ ಇರುವ ಪಾನಾ ನೀವೇ ಮಾಡಿಕೊಳ್ಳಿ. ನಾಲ್ಕು ಗಟ್ಟಿ ಉಕ್ಕಿನ ತುಂಡುಗಳನ್ನು 12 ಎಂಎಂ ಸರಳಿನ ಸುತ್ತ ಇಟ್ಟು, ನಡುವೆ ತೆಳ್ಳಗೆ ತಗಡಿನ ಚೂರು ಸೇರಿಸಿ, ಸುತ್ತಲೂ ವೆಲ್ಡ್ ಮಾಡಿ. ತಗಡು ತೆಗೆದರೆ ಹನ್ನೆರಡೂವರೆಯಷ್ಟು ಚೌಕ ಕಿಂಡಿ ಸಿಗುತ್ತದೆ. ಸರಳು ಸುಲಭವಾಗಿ ಒಳಗೆ ಹೋಗಬೇಕು, ಆದರೆ ಲಟಪಟ ಅನ್ನಬಾರದು. ಎಡಕ್ಕೊಂದು, ಬಲಕ್ಕೊಂದು ಎರಡು ಅಡಿ ಪೈಪನ್ನು ಹಿಡಿಯಾಗಿ ವೆಲ್ಡ್ ಮಾಡಿ. ಅಷ್ಟು ಉದ್ದ ಹಿಡಿ ಇದ್ದರೆ 12 ಎಂಎಂ ಸರಳಿಗೆ ಒಂದೊಂದು ಕೈಯಲ್ಲಿ ಹತ್ತು ಕಿಲೋ ಭಾರ ಎತ್ತಿದಷ್ಟು ಬಲ ಹಾಕಿದರೆ ಸಾಕು. ಹಿಡಿ ಒಂದೇ ಅಡಿ ಇದ್ದರೆ ಅದರ ಎರಡರಷ್ಟು ಬೇಕಾಗುತ್ತದೆ.

ಇಲ್ಲಿ ದಪ್ಪದ ಲೆಕ್ಕ ಒಂದಿದೆ. ಸರಳಿನ ದಪ್ಪ ಎರಡರಷ್ಟಾದರೆ ತಿರುಚುವ ಬಲ ಎಂಟು ಪಟ್ಟು ಆಗುತ್ತದೆ. 8 ಎಂಎಂ ಸರಳನ್ನು ಶಾಲೆ ಹುಡುಗನೂ ತಿರುಚಬಹುದು. 16 ಎಂಎಂಗೆ ಇಬ್ಬರು ಗಟ್ಟಿ ಆಳು ಬೇಕು, ಇಲ್ಲವೇ ಬೆಂಕಿ ಬೇಕು. ಆದರೆ ಉದ್ದದ ವಿಷಯ ಹಾಗಲ್ಲ. ಉದ್ದ ಸರಳು ತಿರುಚೋದು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಒಂದು ಅಡಿ ಹುರಿಗೂ ನಾಲ್ಕು ಅಡಿ ಹುರಿಗೂ ಕೈಗೆ ಬೀಳುವ ಭಾರ ಒಂದೇ. ಸುತ್ತು ಜಾಸ್ತಿ, ಅಷ್ಟೇ.

ಮೂರನೆಯದು ಪೈಪು. ಇದನ್ನು ಬಿಟ್ಟವರ ಸರಳು ತಿರುಚುವಾಗ ಹಾವಿನ ಹಾಗೆ ಡೊಂಕಾಗುತ್ತದೆ. ಹುರಿ ಬೇಕಾದ ಭಾಗಕ್ಕೆ ಒಂದು ಪೈಪಿನ ತುಂಡು ತೊಡಿಸಬೇಕು. 12 ಎಂಎಂ ಚೌಕದ ಮೂಲೆಯಿಂದ ಮೂಲೆಗೆ 17 ಎಂಎಂ ಆಗುತ್ತದೆ, ಹಾಗಾಗಿ ಅರ್ಧ ಇಂಚು ಪೈಪಿನಲ್ಲಿ ಹೋಗುವುದಿಲ್ಲ, ಮುಕ್ಕಾಲು ಇಂಚು ಬೇಕು. 10 ಎಂಎಂ ಸರಳಿಗೆ ಅರ್ಧ ಇಂಚು ಸರಿಹೋಗುತ್ತದೆ. ಪೈಪಿನ ಉದ್ದ ಹುರಿಯ ಉದ್ದಕ್ಕಿಂತ ಒಂದು ಬೆರಳಗಲ ಕಡಿಮೆ ಇರಲಿ. ತಿರುಚಿದ ಹಾಗೆ ಸರಳು ಸ್ವಲ್ಪ ಗಿಡ್ಡ ಆಗುತ್ತದೆ, ಪೈಪು ವೈಸಿಗೂ ಪಾನಾಕ್ಕೂ ನಡುವೆ ಸಿಕ್ಕಿ ಒತ್ತಬಾರದು.

ಗಿಡ್ಡ ಆಗುವುದು ನನಗೆ ಚಿಕ್ಕವನಿದ್ದಾಗಲೇ ಗೊತ್ತಿತ್ತು. ಬೀಳಗಿ ತಾಲೂಕಿನಲ್ಲಿ ನಮ್ಮ ತಾಯಿಯ ತಂದೆ ಪುಂಡಿ ನಾರಿನಿಂದ ಎತ್ತಿನ ಹಗ್ಗ ಮಾಡುತ್ತಿದ್ದರು. ಒಂದು ತುದಿ ಬೇವಿನ ಮರಕ್ಕೆ ಕಟ್ಟಿ, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು ತಿರುಗಿಸು ಅನ್ನುತ್ತಿದ್ದರು. ಹುರಿ ಏರಿದ ಹಾಗೆ ಹಗ್ಗ ನನ್ನನ್ನು ಮರದ ಕಡೆ ಎಳೆಯುತ್ತಿತ್ತು. ನಾನು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿದ್ದೆ. ಕಬ್ಬಿಣ ಅಷ್ಟು ಎಳೆಯುವುದಿಲ್ಲ, ಆದರೂ ಎಳೆಯುತ್ತದೆ. ಅದಕ್ಕೇ ಸರಳನ್ನು ಅಳತೆಗಿಂತ ಎರಡು ಇಂಚು ಉದ್ದ ಇಟ್ಟು ತಿರುಚಿ, ಆಮೇಲೆ ಅಳತೆಗೆ ಕತ್ತರಿಸಿ. ಮೊದಲೇ ಕತ್ತರಿಸಿದರೆ ಹತ್ತು ಸರಳಿನಲ್ಲಿ ಎರಡಾದರೂ ಗಿಡ್ಡ ಬಿದ್ದೇ ಬೀಳುತ್ತವೆ.

ಎಣಿಕೆ

ಹುರಿ ಕೆಲಸದಲ್ಲಿ ತೋಳಿನ ಬಲಕ್ಕಿಂತ ಎಣಿಕೆ ದೊಡ್ಡದು. ಕಣ್ಣಳತೆಯಲ್ಲಿ ತಿರುಚಿದ ಸರಳುಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಸಾಲಾಗಿ ಕಿಟಕಿಯಲ್ಲಿ ನಿಲ್ಲಿಸಿದಾಗ, ಹಿಂದಿನಿಂದ ಬೆಳಕು ಬಂದಾಗ, ಅರ್ಧ ಸುತ್ತು ಕಡಿಮೆ ಇದ್ದ ಸರಳು ತಾನೇ ಎದ್ದು ಕಾಣುತ್ತದೆ. ಮನೆಯವರು ಅದನ್ನು ದಿನಾ ನೋಡುತ್ತಾರೆ.

ಅಜ್ಜಿಯ ಸರಳಿನ ಮೇಲೆ ಖಡುವಿನಿಂದ (ಸೀಮೆಸುಣ್ಣದಿಂದ) ಒಂದು ಮೂಲೆ ಹಿಡಿದು ಗೆರೆ ಎಳೆಯುತ್ತಾ ಹೋದೆ. ಎರಡು ಅಡಿಯಲ್ಲಿ ಆ ಗೆರೆ ಆರು ಸಲ ಸುತ್ತಿತ್ತು. ಅಂದರೆ ನಾಲ್ಕು ಇಂಚಿಗೆ ಒಂದು ಪೂರ್ತಿ ಸುತ್ತು. 12 ಎಂಎಂ ಸರಳಿಗೆ ಇದು ಒಳ್ಳೆ ಹದ. ಇದಕ್ಕಿಂತ ಸಡಿಲ ಆದರೆ ಸರಳು ಸುಮ್ನೆ ಸೊಟ್ಟಗಾದಂತೆ ಕಾಣುತ್ತದೆ. ಮೂರು ಇಂಚಿಗಿಂತ ಬಿಗಿ ಬೇಕಾದರೆ ನಾನು ಕಾಯಿಸಿಯೇ ತಿರುಚುತ್ತೇನೆ.

ಸುತ್ತು ಯಾವಾಗಲೂ ಕಾಲಿನ ಲೆಕ್ಕದಲ್ಲಿ ಮುಗಿಯಬೇಕು. ಐದು, ಐದೂಕಾಲು, ಐದೂವರೆ ಹೀಗೆ. ಆಗ ಮೇಲಿನ ತುದಿಯ ಮುಖವೂ ಕೆಳಗಿನ ತುದಿಯ ಮುಖವೂ ಒಂದೇ ಕಡೆ ನೋಡುತ್ತವೆ. ನಡುವೆ ಎಲ್ಲೋ ನಿಲ್ಲಿಸಿದರೆ ಒಂದು ತುದಿ ಪಟ್ಟಿಗೆ ಸಮ ಕೂರುತ್ತದೆ, ಇನ್ನೊಂದು ಓರೆಯಾಗುತ್ತದೆ.

ಕಿಟಕಿ ಮೂರೂವರೆ ಅಡಿ ಅಗಲ, ನಾಲ್ಕು ಅಡಿ ಎತ್ತರ. ಹತ್ತು ಸರಳು ಇಟ್ಟರೆ ನಡುವೆ ನಾಲ್ಕು ಇಂಚಿಗಿಂತ ಕಡಿಮೆ ಸಂದು ಉಳಿಯುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದಕ್ಕಿಂತ ಜಾಸ್ತಿ ಬಿಡಬೇಡಿ, ತಲೆ ತೂರಿಸುತ್ತವೆ. ಮೂರು ಉದ್ದ ಸರಳು ತಂದೆ. ಒಂದರಲ್ಲಿ ಐವತ್ತು ಇಂಚಿನ ನಾಲ್ಕು ತುಂಡು. ಒಟ್ಟು ಹನ್ನೆರಡು. ಹತ್ತು ಕಿಟಕಿಗೆ, ಎರಡು ಪರೀಕ್ಷೆಗೆ. ಪರೀಕ್ಷೆಯ ಸರಳಿಲ್ಲದೆ ಕೆಲಸ ಶುರು ಮಾಡಬೇಡಿ. ದುಡ್ಡು ಉಳಿಸುವ ಜಾಗ ಅದಲ್ಲ.

ಪ್ರತಿ ತುಂಡಿನ ಮೇಲೂ ಹುರಿ ಶುರುವಾಗುವ ಕಡೆ ಒಂದು, ಮುಗಿಯುವ ಕಡೆ ಒಂದು ಸೆಂಟರ್ ಪಂಚ್ ಗುರುತು ಹಾಕಿ, ಅಂದರೆ ಚೂಪು ಉಳಿಯಿಂದ ಬಡಿದ ಚುಕ್ಕೆ. ಖಡು ಅಳಿಸಿಹೋಗುತ್ತದೆ, ಪಂಚ್ ಉಳಿಯುತ್ತದೆ. ಹನ್ನೆರಡೂ ತುಂಡನ್ನು ಸಾಲಾಗಿ ಮಲಗಿಸಿ, ಮೂಲೆಮಟ್ಟ ಇಟ್ಟು ಒಂದೇ ಸಲ ಗುರುತು ಹಾಕಿದರೆ ತಪ್ಪು ಆಗುವುದಿಲ್ಲ. ಆಮೇಲೆ ಒಂದು ಮುಖದ ನಡುವೆ ಉದ್ದಕ್ಕೂ ಖಡುವಿನ ಗೆರೆ ಎಳೆಯಿರಿ. ತಿರುಚಿ ಪೈಪು ತೆಗೆದಾಗ ಸುತ್ತು ಎಷ್ಟು, ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಆ ಗೆರೆಯೇ ತೋರಿಸುತ್ತದೆ.

ತಿರುಚುವುದು

ಒಂದು ಪಂಚ್ ಗುರುತು ವೈಸಿನ ಬಾಯಿಯ ಅಂಚಿಗೆ ಸರಿಯಾಗಿ ಬರುವಂತೆ ಸರಳು ಕಚ್ಚಿಸಿ. ಉದ್ದದ ಭಾಗ ಮೇಜಿನಿಂದ ಹೊರಗಿರಲಿ. ಪೈಪು ತೊಡಿಸಿ. ಎರಡನೇ ಗುರುತಿಗೆ ಪಾನಾ ಹಾಕಿ. ಹಿಡಿಗಳು ತಿರುಗುವುದಕ್ಕೆ ಸುತ್ತ ಜಾಗ ಇರಬೇಕು, ಕೆಳಗೆ ನೆಲ ತಾಗಬಾರದು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಟವೆಲ್ಲು, ದೋತರ, ಸಡಿಲ ತೋಳು ಯಾವುದೂ ಬೇಡ.

ದಿಕ್ಕು ನೋಡಿಕೊಳ್ಳಿ. ಸರಳನ್ನು ನೆಟ್ಟಗೆ ನಿಲ್ಲಿಸಿದಾಗ ಗೆರೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರಿದರೆ ಅದು ಬಲ ಹುರಿ. ಬಲದಿಂದ ಎಡಕ್ಕೆ ಏರಿದರೆ ಎಡ ಹುರಿ. ನೀವು ವೈಸಿಗೆ ಎದುರಾಗಿ ನಿಂತು ಪಾನಾವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬರುವುದು ಎಡ ಹುರಿ. ಇದು ಬಹಳ ಜನರಿಗೆ ತಿರುಗಾಮುರುಗಾ ಆಗುತ್ತದೆ. ನನಗೂ ಆಯಿತು. ಅಜ್ಜಿಯದು ಬಲ ಹುರಿ. ನಾನು ರೂಢಿಯಂತೆ ಗಡಿಯಾರದ ದಿಕ್ಕಿಗೆ ತಿರುಗಿಸಿ ಮೊದಲ ಪರೀಕ್ಷೆಯ ಸರಳು ಮುಗಿಸಿದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಹೀಗೆ ಏರಿದೆ, ಇನ್ನೊಂದು ಹಾಗೆ. ತಲೆಕೆಳಗು ಮಾಡಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಬಲ ಹುರಿ ಹೇಗೆ ಹಿಡಿದರೂ ಬಲ ಹುರಿಯೇ. ಎರಡು ಬಾಗಿಲಿನ ಗೇಟಾದರೆ ಎಡಬಾಗಿಲಿಗೆ ಒಂದು ದಿಕ್ಕು, ಬಲಬಾಗಿಲಿಗೆ ಇನ್ನೊಂದು ದಿಕ್ಕು ಕೊಟ್ಟರೆ ಮುಚ್ಚಿದಾಗ ಕನ್ನಡಿ ಹಿಡಿದ ಹಾಗೆ ಚೆಂದ ಕಾಣುತ್ತದೆ. ಅದನ್ನು ಮೊದಲೇ ತೀರ್ಮಾನಿಸಿ ಗೋಡೆಯ ಮೇಲೆ ಬರೆದಿಡಿ.

ಈಗ ತಿರುಗಿಸಿ. ಮೊದಲು ಸ್ವಲ್ಪ ದೂರ ಸರಳು ಸ್ಪ್ರಿಂಗಿನ ಹಾಗೆ ತಡೆಯುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಸೋಲುತ್ತದೆ, ಕೈಗೆ ಗೊತ್ತಾಗುತ್ತದೆ. ಪೈಪಿನೊಳಗೆ ಚಟಚಟ ಅಂತ ಸಣ್ಣ ಸದ್ದು. ಅದು ಕಾರ್ಖಾನೆಯಿಂದ ಬಂದ ಕಪ್ಪು ಪದರ ಸಿಡಿಯುವ ಸದ್ದು. ಪೈಪಿನ ಬಾಯಿಂದ ಬೂದುಬಣ್ಣದ ಹೊಟ್ಟು ಉದುರುತ್ತದೆ. ಒಂದೇ ವೇಗದಲ್ಲಿ, ಜಗ್ಗಾಡದೆ, ಕೈ ಬದಲಿಸುತ್ತಾ ತಿರುಗಿಸಿ. ಪ್ರತಿ ಕಾಲು ಸುತ್ತಿಗೂ ಬಾಯಿಬಿಟ್ಟು ಎಣಿಸಿ. ಆರು ಸುತ್ತಿಗೆ ಇಪ್ಪತ್ನಾಲ್ಕು. ನನ್ನ ಜೊತೆ ಕೆಲಸ ಮಾಡುವ ಹುಡುಗ ಎಣಿಸುತ್ತಾನೆ, ನಾನೂ ಎಣಿಸುತ್ತೇನೆ. ಎರಡೂ ಎಣಿಕೆ ಒಂದೇ ಬರಬೇಕು. ನಡುವೆ ಫೋನ್ ಎತ್ತುವ ಹಾಗಿಲ್ಲ.

ತಣ್ಣಗೆ ತಿರುಚುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಮೊದಲ ಅರ್ಧ ಸುತ್ತು ಎಲ್ಲೋ ಒಂದು ಕಡೆ ಮಾತ್ರ ಆಗುತ್ತದೆ, ಸರಳು ಹಾಳಾಯಿತು ಅನ್ನಿಸುತ್ತದೆ. ಗಾಬರಿ ಬೇಡ. ಟಾರ್ ಸ್ಟೀಲಿನ ಮಾತು ನೆನಪಿದೆ ಅಲ್ವಾ? ತಿರುಗಿದ ಭಾಗ ಬಿರುಸಾಗುತ್ತದೆ. ಬಿರುಸಾದದ್ದು ಮುಂದೆ ತಿರುಗುವುದಿಲ್ಲ ಅನ್ನುತ್ತದೆ, ಪಕ್ಕದ ಮೆತ್ತನೆ ಭಾಗ ತಿರುಗುತ್ತದೆ. ಹೀಗೆ ಹುರಿ ತಾನಾಗಿ ಪೂರ್ತಿ ಹರಡಿಕೊಂಡು ಸಮ ಆಗುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ಗೆರೆ ಸಮ ಬಂದಿರುತ್ತದೆ.

ಇಪ್ಪತ್ನಾಲ್ಕಕ್ಕೆ ನಿಲ್ಲಿಸಿ ಕೈಬಿಟ್ಟರೆ ಸರಳು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. 12 ಎಂಎಂ ಸರಳಿನ ಎರಡು ಅಡಿ ಹುರಿಗೆ ಇದು ಸುಮಾರು 15 ಡಿಗ್ರಿ, ಗಡಿಯಾರದ ದೊಡ್ಡ ಮುಳ್ಳು ಎರಡೂವರೆ ನಿಮಿಷ ಸರಿದಷ್ಟು. ನಾಲ್ಕು ಅಡಿ ಹುರಿಗೆ ಅದರ ಎರಡರಷ್ಟು. ಅಷ್ಟನ್ನು ಮುಂದೆ ಒಯ್ದು ನಿಲ್ಲಿಸಬೇಕು. ನಿಮ್ಮ ಸರಳಿಗೆ ನಿಖರವಾಗಿ ಎಷ್ಟು ಬೇಕು ಅಂತ ಪರೀಕ್ಷೆಯ ಸರಳೇ ಹೇಳುತ್ತದೆ. ಅದು ಗೊತ್ತಾದ ಮೇಲೆ ಮೇಜಿನ ಕಾಲಿಗೆ ಒಂದು ಕಡ್ಡಿ ಕಟ್ಟಿ, ಹಿಡಿ ಅಲ್ಲಿಗೆ ಬಂದು ತಾಗಿದರೆ ಮುಗಿಯಿತು ಅಂತ ಗುರುತು ಮಾಡಿಕೊಳ್ಳಿ.

ಇಲ್ಲೇ ಅಪಾಯ ಇರುವುದು. ಬಿಗಿದ ಸರಳಿನಲ್ಲಿ ಸಿಟ್ಟು ಇರುತ್ತದೆ. ಹಿಡಿ ಒಮ್ಮೆಲೇ ಬಿಟ್ಟರೆ ಅದು ಹಿಂದಕ್ಕೆ ಹೊಡೆಯುತ್ತದೆ. ಶುರುವಿನ ದಿನಗಳಲ್ಲಿ ನನ್ನ ಎಡ ಮುಂಗೈಗೆ ಹೊಡೆದು ಹದಿನೈದು ದಿನ ಊತ ಇತ್ತು. ಎರಡೂ ಕೈಯಿಂದ ಹಿಡಿದೇ ನಿಧಾನಕ್ಕೆ ಬಿಡಿ. ಭಾರ ಪೂರ್ತಿ ಇಳಿದ ಮೇಲೆ ಪಾನಾ ತೆಗೆಯಿರಿ.

ಪೈಪು ಎಳೆದು ತೆಗೆದು ಸರಳು ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿರುತ್ತದೆ. ಬೆಂಕಿ ಕಾಣದ ಕಬ್ಬಿಣ ಕೈಯ ಬಲಕ್ಕೇ ಬೆಚ್ಚಗಾಗಿರುತ್ತದೆ. ಇಷ್ಟು ವರ್ಷ ಆದರೂ ನಾನು ಪ್ರತಿ ಸಲ ಮುಟ್ಟಿ ನೋಡುತ್ತೇನೆ.

ಪೈಪು ಇದ್ದರೂ ಸರಳು ಅಲ್ಪಸ್ವಲ್ಪ ಡೊಂಕು ಬರುತ್ತದೆ. ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯಬೇಡಿ. ಹುರಿಯ ಏಣು ಜಜ್ಜಿಹೋಗುತ್ತದೆ, ಮತ್ತೆ ಸರಿ ಮಾಡಲು ಬರುವುದಿಲ್ಲ. ಜಾಲಿ ಮರದ ದಿಮ್ಮಿಯ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡಿ, ಸರಳು ಹೊರಳಿಸಿ, ಮತ್ತೆ ತಟ್ಟಿ.

ಬೆಂಕಿ ಬೇಕಾದಾಗ

16 ಎಂಎಂ ಸರಳಿಗೆ, ಅಥವಾ ಬಹಳ ಬಿಗಿ ಹುರಿಗೆ ಕುಲುಮೆ ಹೊತ್ತಿಸಬೇಕು. ನಮ್ಮಪ್ಪ ಚಕ್ಕಡಿ ಗಾಲಿಗೆ ಪಟ್ಟಿ ಬಡಿಯುತ್ತಿದ್ದವರು, ತಿದಿ ಒತ್ತಿ ಬೆಳೆದವನು ನಾನು. ಈಗ ತಿದಿಯ ಜಾಗದಲ್ಲಿ ಸಣ್ಣ ಬ್ಲೋವರ್ ಇದೆ, ಕಲ್ಲಿದ್ದಲು ಅದೇ. ಸರಳು ಕೆಂಪು ದಾಟಿ ಕಿತ್ತಳೆ ಬಣ್ಣಕ್ಕೆ ಬಂದಾಗ, ಅಂದರೆ 900ರಿಂದ 1000 ಡಿಗ್ರಿ ಹೊತ್ತಿಗೆ, ಮೇಣದ ಹಾಗೆ ತಿರುಗುತ್ತದೆ. ಬಣ್ಣವನ್ನು ನೆರಳಿನಲ್ಲಿ ನೋಡಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಕಿತ್ತಳೆಯೂ ಕಪ್ಪಗೆ ಕಾಣುತ್ತದೆ. ಬಿಳಿ ಕಿಡಿ ಹಾರಲು ಶುರುವಾದರೆ ಕಬ್ಬಿಣ ಸುಡುತ್ತಿದೆ, ತಕ್ಷಣ ಹೊರಗೆ ತೆಗೆಯಿರಿ.

ಬಿಸಿ ಸರಳಿನ ಸ್ವಭಾವ ತಣ್ಣನೆಯದಕ್ಕೆ ಪೂರಾ ಉಲ್ಟಾ. ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ತಿರುಗುತ್ತದೆ, ತಿರುಗುತ್ತಲೇ ಹೋಗುತ್ತದೆ, ಪಕ್ಕಕ್ಕೆ ಹರಡುವುದಿಲ್ಲ. ಅದಕ್ಕೇ ಇಡೀ ಭಾಗ ಒಂದೇ ಬಣ್ಣಕ್ಕೆ ಬರುವವರೆಗೆ ಸರಳನ್ನು ಕೆಂಡದಲ್ಲಿ ಹಿಂದೆ ಮುಂದೆ ಆಡಿಸುತ್ತಿರಬೇಕು. ಪಕ್ಕದಲ್ಲಿ ಸಣ್ಣ ಬಾಯಿಯ ಚೊಂಬಿನಲ್ಲಿ ನೀರು ಇಟ್ಟುಕೊಳ್ಳಿ. ಒಂದು ಕಡೆ ಬಿಗಿಯಾಗುವುದು ಕಂಡ ಕೂಡಲೇ ಅಲ್ಲಿಗೆ ಮಾತ್ರ ನೀರು ಬಿಡಿ. ಆ ಜಾಗ ನಿಲ್ಲುತ್ತದೆ, ಉಳಿದದ್ದು ತಿರುಗುತ್ತದೆ. ಮೆತ್ತನೆ ಉಕ್ಕಿಗೆ ಇದು ನಡೆಯುತ್ತದೆ. ಗಾಡಿಯ ಹಳೇ ಸ್ಪ್ರಿಂಗ್ ಪಟ್ಟಿಯಂಥ ಬಿರುಸು ಉಕ್ಕಿಗೆ ನೀರು ಹಾಕಿದರೆ ಬಿರುಕು ಬಿಡುತ್ತದೆ. ಸತುವಿನ ಲೇಪ ಇರುವ ಜಿಐ ಸರಳನ್ನು ಕುಲುಮೆಗೆ ಹಾಕಲೇಬೇಡಿ. ಆ ಹೊಗೆ ಕುಡಿದರೆ ಜ್ವರ ಬರುತ್ತದೆ.

ಸರಳು ಆರುತ್ತಾ ಬಂದು ಕೆಂಪು ಹೋದರೆ ನಿಲ್ಲಿಸಿ, ಮತ್ತೆ ಕಾಯಿಸಿ. ಅರೆಬಿಸಿಯಲ್ಲಿ, ನೀಲಿ ಬಣ್ಣ ಕಾಣುವ ಹದದಲ್ಲಿ ಕಬ್ಬಿಣ ತಣ್ಣಗಿದ್ದಾಗಿನದಕ್ಕಿಂತಲೂ ಬೇಗ ಮುರಿಯುತ್ತದೆ. ಬಿಸಿ ಸರಳು ಹಿಂದಕ್ಕೆ ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಇಲ್ಲಿ 15 ಡಿಗ್ರಿಯ ಲೆಕ್ಕ ಬೇಡ.

ಕೈ ಕುದುರಿದ ಮೇಲೆ

ಎರಡು ಬಗೆ ಹೇಳುತ್ತೇನೆ. ತಿರುಚುವ ಮೊದಲು ಗ್ರೈಂಡರಿಗೆ ತೆಳು ಕಟಿಂಗ್ ಚಕ್ರ ಹಾಕಿ ನಾಲ್ಕೂ ಮುಖದ ನಡುವೆ ಒಂದು ಎಂಎಂ ಆಳದ ಗೆರೆ ಕೊರೆದುಕೊಳ್ಳಿ. ಆಮೇಲೆ ತಿರುಚಿದರೆ ನಾಲ್ಕು ಎಳೆಯ ಬದಲು ಎಂಟು ಎಳೆಯ ಹಗ್ಗದ ಹಾಗೆ ಕಾಣುತ್ತದೆ. ಗೆರೆ ನೇರ ಇರಬೇಕು, ಆಳ ಒಂದೇ ಇರಬೇಕು. ಆಳ ಜಾಸ್ತಿಯಾದ ಕಡೆ ಸರಳು ಸೀಳುತ್ತದೆ.

ಇನ್ನೊಂದು ಬುಟ್ಟಿ. ಇದು ನನಗೆ ಬಹಳ ಇಷ್ಟ. ಆರು ಇಂಚಿನ ನಾಲ್ಕು 6 ಎಂಎಂ ಗುಂಡು ಸರಳು ತಗೊಂಡು ಒಟ್ಟಿಗೆ ಹಿಡಿದು ಎರಡೂ ತುದಿ ವೆಲ್ಡ್ ಮಾಡಿ, ಆ ಕಟ್ಟನ್ನು ಎರಡು ಚೌಕ ಸರಳಿನ ನಡುವೆ ಬೆಸೆಯಿರಿ. ಕಿತ್ತಳೆ ಬಣ್ಣಕ್ಕೆ ಕಾಯಿಸಿ ಪೂರ್ತಿ ಒಂದು ಸುತ್ತು ಬಿಗಿಯಾಗಿ ತಿರುಚಿ. ಮತ್ತೆ ಕಾಯಿಸಿ, ಈಗ ಹಿಂದಕ್ಕೆ ಬಿಚ್ಚುತ್ತಾ ತುದಿಯನ್ನು ವೈಸಿನ ಕಡೆ ಒತ್ತಿ. ನಾಲ್ಕು ಎಳೆಯೂ ಹೊರಗೆ ಉಬ್ಬಿ ಮೊಗ್ಗು ಬಿರಿದ ಹಾಗೆ ತೆರೆಯುತ್ತವೆ. ಒಂದು ಎಳೆ ಒಳಗೇ ಉಳಿದರೆ ಬಿಸಿ ಇರುವಾಗಲೇ ಉಳಿಯ ತುದಿಯಿಂದ ಹೊರಗೆ ಎಬ್ಬಿಸಿ.

ಕೂರಿಸುವುದು, ಬಣ್ಣ

ಅಜ್ಜಿಯ ಹತ್ತು ಸರಳನ್ನೂ ನೆಲದ ಮೇಲೆ ಸಾಲಾಗಿಟ್ಟು, ಹುರಿ ಶುರುವಾಗುವ ಪಂಚ್ ಗುರುತುಗಳನ್ನು ಒಂದೇ ನೂಲಿಗೆ ಹೊಂದಿಸಿ, ಆಮೇಲೆ ಎರಡು ತುದಿ ಕತ್ತರಿಸಿದೆ. ವೆಲ್ಡ್ ಮಾಡುವಾಗಲೂ ಆ ನೂಲನ್ನೇ ನೋಡಬೇಕು, ಸರಳಿನ ತುದಿಯನ್ನಲ್ಲ. ಮೊದಲು ಎಲ್ಲಕ್ಕೂ ಒಂದೊಂದು ಚುಕ್ಕೆ ವೆಲ್ಡ್, ನಿಲ್ಲಿಸಿ ದೂರದಿಂದ ನೋಡುವುದು, ಆಮೇಲೆ ಪೂರ್ತಿ ವೆಲ್ಡ್.

ಹುರಿಯ ಸಂದಿನಲ್ಲಿ ಧೂಳು, ನೀರು ನಿಲ್ಲುತ್ತವೆ. ತುಕ್ಕು ಅಲ್ಲಿಂದಲೇ ಶುರು. ತಂತಿ ಬ್ರಷ್ಷನ್ನು ಹುರಿಯ ಜೊತೆಗೇ ಸುತ್ತುತ್ತಾ ಉಜ್ಜಿ, ಉಳಿದ ಕಪ್ಪು ಪದರ ಪೂರ್ತಿ ತೆಗೆಯಿರಿ. ಅದರ ಮೇಲೆ ಬಣ್ಣ ಹಚ್ಚಿದರೆ ಪದರದ ಜೊತೆಗೆ ಬಣ್ಣವೂ ಎದ್ದು ಬರುತ್ತದೆ. ಥಿನ್ನರಿನಲ್ಲಿ ಒರೆಸಿ, ಸಣ್ಣ ಬ್ರಷ್ಷಿನಿಂದ ಸಂದು ಸಂದಿಗೂ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ. ಒಣಗಿದ ಮೇಲೆ ಇನ್ನೊಂದು ಸಲ. ಆಮೇಲೆ ಬೇಕಾದ ಬಣ್ಣ ಎರಡು ಸಲ. ಹುರಿಯ ಏಣಿನ ಮೇಲೆ ಬಣ್ಣ ತೆಳ್ಳಗಾಗುತ್ತದೆ, ಅಲ್ಲಿ ಇನ್ನೊಂದು ಕೈ ಎಳೆಯಿರಿ.

ಕಿಟಕಿ ಕೂರಿಸಿದ ದಿನ ಅಜ್ಜಿ ಹಳೇ ಸರಳನ್ನೂ ತಂದಿದ್ದರು. ಹೊಸ ಸಾಲಿನ ಒಂದೊಂದು ಸರಳಿನ ಪಕ್ಕಕ್ಕೂ ಹಿಡಿದು ಮೇಲಿನಿಂದ ಕೆಳಗೆ ಬೆರಳಾಡಿಸುತ್ತಾ ಹೋದರು. ಹತ್ತೂ ಮುಗಿದ ಮೇಲೆ, "ಇದನ್ನ ನೀನ ಇಟ್ಕೋಪಾ, ಮುಂದ ಯಾರರೆ ಕೇಳಿದ್ರ ಅಳತಿಗೆ ಬೇಕಾಗ್ತದ" ಅಂತ ನನ್ನ ಕೈಗೆ ಕೊಟ್ಟರು. ಈಗ ಅದು ವೈಸಿನ ಹಿಂದೆ ಎರಡು ಮೊಳೆಯ ಮೇಲೆ ಕೂತಿದೆ. ಪಕ್ಕದಲ್ಲಿ ಖಡುವಿನಿಂದ ಬರೆದಿದ್ದೇನೆ: ಬಲ ಹುರಿ, ಎರಡು ಅಡಿ, ಆರು ಸುತ್ತು.